‘ಬಿಸಿನೆಸ್ ಎಕನಾಮಿಕ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮುಗಿಸುವ ಮಕ್ಕಳಿಗಾಗಿ ಮುಂದಿನ ಓದಿನ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬಿಸಿನೆಸ್ ಎಕನಾಮಿಕ್ಸ್, ಅಂದರೆ ಕಂಪನಿಗಳ ಬೆಲೆ, ಬೇಡಿಕೆ, ಲಾಭದ ತೀರ್ಮಾನಗಳಿಗೆ ಅರ್ಥಶಾಸ್ತ್ರವನ್ನು ಬಳಸುವ ಓದು. ಆ ಪದವಿಯ ಭಾಗದಲ್ಲಿ ನಿಮ್ಮ ನೆರವು ಬೇಕು.

‘ವ್ಯಾಪಾರ ಅರ್ಥಶಾಸ್ತ್ರ’ ಅಂದರೆ, ಅಂಗಡಿ ಇಡೋಕೆ ಡಿಗ್ರಿ ಯಾಕೆ ಅಂತ ಮನೆಯವರು ಕೇಳುತ್ತಾರೆ. ‘ವಾಣಿಜ್ಯ’ ಅಂದ ಕೂಡಲೇ ಬಿ.ಕಾಂ., ಲೆಕ್ಕಪತ್ರ, ತೆರಿಗೆ ನೆನಪಾಗುತ್ತವೆ. ‘ವ್ಯಾವಹಾರಿಕ ಅರ್ಥಶಾಸ್ತ್ರ’ ಅಂತಲೂ ಕೆಲವರು ಬರೆಯುತ್ತಾರೆ. ಅದು ದಿನಬಳಕೆಗೆ ಬರುವ ಅರ್ಥಶಾಸ್ತ್ರ, ಅಂದರೆ ಅನ್ವಯಿಕ ಅರ್ಥಶಾಸ್ತ್ರ ಅನ್ನುವ ಹಾಗೆ ಕೇಳಿಸುತ್ತದೆ. ಅನ್ವಯಿಕ ಅರ್ಥಶಾಸ್ತ್ರವನ್ನೂ ಬಿಸಿನೆಸ್ ಎಕನಾಮಿಕ್ಸನ್ನೂ ಬೆರೆಸಿದರೆ ಮಕ್ಕಳಿಗೇ ತೊಂದರೆ. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಬೇಕು. ಯಾವ ವಿಷಯದಲ್ಲಿ ಅನ್ನುವಲ್ಲಿ ಇವೆರಡನ್ನೂ ಬೇರೆಬೇರೆಯಾಗಿಯೇ ಹೆಸರಿಸಿದ್ದಾರೆ.

ನನ್ನ ಒಲವು ‘ವ್ಯವಹಾರ ಅರ್ಥಶಾಸ್ತ್ರ’ದ ಕಡೆಗೆ. ‘ಅವನ ವ್ಯವಹಾರ ಸರಿಯಿಲ್ಲ’ ಅನ್ನುವಾಗ ಈ ಮಾತಿಗೆ ಬೇರೆ ವಾಸನೆ ಇದೆ, ನಿಜ. ಆದರೆ ನಮ್ಮ ಹೈಸ್ಕೂಲಿನ ಸಮಾಜ ವಿಜ್ಞಾನ ಪುಸ್ತಕದಲ್ಲೇ ‘ವ್ಯವಹಾರ ಅಧ್ಯಯನ’ ಅನ್ನುವ ಭಾಗ ಇದೆಯಲ್ವಾ? ಮಕ್ಕಳಿಗೆ ಪರಿಚಯವಿರುವ ಮಾತನ್ನು ಬಿಟ್ಟು ಹೊಸದನ್ನು ಯಾಕೆ ಹುಡುಕಬೇಕು?

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ಒಳಗಿನ ಪದಗಳು. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಆಮೇಲಿನ ದಿನಗಳಲ್ಲಿ ಪ್ರಯಾಣಿಕರು ಕಡಿಮೆಯಾದರು. ಟಿಕೆಟ್ ದರ ಏರಿಸಿದರೆ ಎಷ್ಟು ಜನ ಬಸ್ಸಿಗೋ ಬೈಕಿಗೋ ಹೋಗುತ್ತಾರೆ, ಉಳಿದವರಿಂದ ಬರುವ ಹಣ ಆ ನಷ್ಟವನ್ನು ತುಂಬುತ್ತದೆಯೇ? ಈ ಓದಿನ ತಿರುಳೇ ಇಂಥ ಪ್ರಶ್ನೆ. ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ಪಠ್ಯದಲ್ಲಿ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಅನ್ನುತ್ತಾರೆ. ವಿಷಯ ಸುಲಭ, ಹೆಸರು ಭಾರ. ‘ಬೇಡಿಕೆಯ ಹಿಗ್ಗು-ಕುಗ್ಗು’ ಅಂದರೆ ನಡೆದೀತೇ? ಬೇಡಿಕೆ ಏರಿತು, ಇಳಿಯಿತು ಅನ್ನುವುದಷ್ಟೇ ಅದರಲ್ಲಿ ಕಾಣುತ್ತದೆ, ಬೆಲೆಗೆ ಬೇಡಿಕೆ ಎಷ್ಟು ಮಣಿಯುತ್ತದೆ ಅನ್ನುವುದು ಕಾಣುವುದಿಲ್ಲ ಅಂತ ನನಗೇ ಅಳುಕಿದೆ.

ಕೆಲಸಗಳ ಹೆಸರಲ್ಲೂ ಇದೇ ಪಾಡು. ಬ್ಯಾಂಕಿನ ಸಾಲ ವಿಭಾಗ, ಮಾರುಕಟ್ಟೆ ಸಮೀಕ್ಷೆ, ದತ್ತಾಂಶ ವಿಶ್ಲೇಷಣೆ, ಇವೆಲ್ಲ ಈಗಾಗಲೇ ಚಾಲ್ತಿಯಲ್ಲಿರುವ ಮಾತುಗಳು. ತೊಡಕಿರುವುದು ‘ಪ್ರೈಸಿಂಗ್ ಅನಲಿಸ್ಟ್’ನಲ್ಲಿ. ಸೋಪಿನಿಂದ ವಿಮಾನದ ಟಿಕೆಟ್‌ವರೆಗೆ ಯಾವುದನ್ನು ಎಷ್ಟಕ್ಕೆ ಮಾರಬೇಕು ಅಂತ ಲೆಕ್ಕ ಹಾಕುವವರು ಇವರು. ‘ಬೆಲೆ ಕಟ್ಟುವವರು’ ಒಳ್ಳೆಯ ಕನ್ನಡ. ಆದರೆ ದನದ ಸಂತೆಯಲ್ಲಿ ಎತ್ತಿಗೆ, ಬ್ಯಾಂಕಿನಲ್ಲಿ ಅಡವಿಟ್ಟ ಒಡವೆಗೆ ಬೆಲೆ ಕಟ್ಟುವುದು ಬೇರೆ ಕೆಲಸ. ಅಲ್ಲಿ ವಸ್ತು ಎಷ್ಟು ಬೆಲೆ ಬಾಳುತ್ತದೆ ಅಂತ ನೋಡುತ್ತಾರೆ. ಇಲ್ಲಿ ಕೊಳ್ಳುವವರು ಎಷ್ಟು ಕೊಟ್ಟಾರು ಅಂತ ನೋಡುತ್ತಾರೆ. ‘ದರ ನಿಗದಿ ವಿಶ್ಲೇಷಕ’ ಅಂದರೆ ಸರಿಹೋದೀತೇ? ಸರ್ಕಾರಿ ಆದೇಶದ ಹಾಗೆ ಕೇಳಿಸುತ್ತದೆಯೇ?

ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡುವ ಮೇಷ್ಟ್ರುಗಳು, ಮೇಡಂಗಳು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ತರಗತಿಯಲ್ಲಿ ಬಾಯಿಮಾತಿನಲ್ಲಿ ನೀವು ಸ್ಥಿತಿಸ್ಥಾಪಕತ್ವಕ್ಕೆ ಏನಂತೀರಿ? ಮಕ್ಕಳು ಏನಂತಾರೆ?