21 ದಿನದ ಡಾಫ್ನಿಯಾ ಟೆಸ್ಟ್: ನಾವೇ ಮಾಡುವುದಾ, ಹೊರಗೆ ಕೊಡುವುದಾ? ಮಾಡಿದವರು ಹೇಳಿ

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮೊದಲ ವರ್ಷ. ಇಮಿಡಾಕ್ಲೋಪ್ರಿಡ್ ಕೀಟನಾಶಕ ಸ್ವಲ್ಪ ಸ್ವಲ್ಪವೇ ಬಹಳ ದಿನ ನೀರಿನಲ್ಲಿದ್ದರೆ ಅಲ್ಲಿನ ಸಣ್ಣ ಜೀವಿಗಳಿಗೆ ಏನಾಗುತ್ತದೆ ಎಂದು ನೋಡಬೇಕು. ಗೈಡ್ ಹೇಳಿರುವುದು ಓಇಸಿಡಿ (ಹಲವು ದೇಶಗಳ ಆರ್ಥಿಕ ಸಂಘಟನೆ) ಗೈಡ್‌ಲೈನ್ 211, ಅಂದರೆ ನೀರಿನ ಸಣ್ಣ ಜೀವಿ ಡಾಫ್ನಿಯಾ ಮ್ಯಾಗ್ನಾ 21 ದಿನದಲ್ಲಿ ಎಷ್ಟು ಮರಿ ಹಾಕುತ್ತದೆ ಎಂದು ಎಣಿಸುವುದು. 48 ಗಂಟೆಯಲ್ಲಿ ಎಷ್ಟು ಚಲನೆ ನಿಲ್ಲಿಸುತ್ತವೆ ಎಂದು ನೋಡುವ 202 ಮಾಡಿ ಅಭ್ಯಾಸ ಇದೆ, 21 ದಿನದ್ದು ಇಲ್ಲ. ಲ್ಯಾಬಿನಲ್ಲಿ ಹಳೇ ಬಿಓಡಿ ಇನ್‌ಕ್ಯುಬೇಟರ್ ಒಂದಿದೆ. ಕರೆಂಟ್ ಬಂದು ಹೋಗುತ್ತಿರುತ್ತದೆ. ಫೆಲೋಶಿಪ್ ಇನ್ನೂ ಕೈಗೆ ಬಂದಿಲ್ಲ. ನಾವೇ ಮಾಡುವುದಾ, ಹೊರಗಿನ ಲ್ಯಾಬಿಗೆ ಕೊಡುವುದಾ?

ಪಾಚಿ_ಪುಟ್ಟಸ್ವಾಮಿ
ನೀವೇ ಮಾಡಿ. ಹೊರಗೆ ಕೊಟ್ಟರೆ ನಿಮಗೆ ಸಿಗುವುದು ಒಂದು ಪಿಡಿಎಫ್ ಅಷ್ಟೇ.

ನನ್ನದು ಸತುವಿನ ಮೇಲೆ. 202 ಗೊತ್ತಿದೆ ಅಂದಮಾತ್ರಕ್ಕೆ 211 ಬರುವುದಿಲ್ಲ. 202ರಲ್ಲಿ ಊಟವನ್ನೇ ಹಾಕುವುದಿಲ್ಲ ಅಲ್ವಾ? ಇಲ್ಲಿ ಇಡೀ ಟೆಸ್ಟೇ ಊಟ. ಒಂದು ಡಾಫ್ನಿಯಾಗೆ ದಿನಕ್ಕೆ 0.1ರಿಂದ 0.2 ಮಿಲಿಗ್ರಾಂ ಕಾರ್ಬನ್. ಅದನ್ನು ಅಳೆಯುವ ಟಿಓಸಿ ಯಂತ್ರ ನಮ್ಮಲ್ಲಿರಲಿಲ್ಲ. ಊಟದ ಪಾಚಿ ಕ್ಲೋರೆಲ್ಲಾ ಬೆಳೆಸಿ, ಬೇರೆ ಬೇರೆ ದಪ್ಪಕ್ಕೆ ಮಾಡಿ, ನಮ್ಮ ಸ್ಪೆಕ್ಟ್ರೋದಲ್ಲಿ (ಬೆಳಕು ಎಷ್ಟು ಹಾಯುತ್ತದೆ ಎಂದು ಅಳೆಯುವ ಯಂತ್ರ) ಓದಿಕೊಂಡು, ಅದೇ ಸ್ಯಾಂಪಲ್‌ಗಳನ್ನು ಐಸ್ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಹೊತ್ತು ಕಾರ್ಬನ್ ಓದಿಸಿದೆ. ಆ ಗ್ರಾಫ್ ಈಗಲೂ ನಮ್ಮ ಲ್ಯಾಬಿನ ಗೋಡೆಯ ಮೇಲಿದೆ. ಸ್ಯಾಂಪಲ್‌ಗೆ 900 ರೂಪಾಯಿ, ಬಸ್ ಚಾರ್ಜು ಬೇರೆ, ಎಲ್ಲ ನನ್ನ ಜೇಬಿನಿಂದ.

ಆಮೇಲೆ ನೀರು. ಸತು ಆದ್ದರಿಂದ ಎಂ4 ಎಂಬ ಸಿದ್ಧ ಸೂತ್ರದ ನೀರು ಬಳಸುವ ಹಾಗಿಲ್ಲ, ಅದರಲ್ಲಿ ಇಡಿಟಿಎ ಇದೆ, ಲೋಹವನ್ನು ಕಟ್ಟಿಹಾಕುತ್ತದೆ. ನಾಲ್ಕು ಲವಣದ ನೀರು ಮಾಡಿಕೊಂಡೆ. ಮೊದಲ ವಾರ ಅಮ್ಮಂದಿರು ಚೆನ್ನಾಗಿಯೇ ಇದ್ದರು. ಆಮೇಲೆ ಮಂಕು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಈಜುವ ಕೊಂಬಿನ ರೋಮಗಳು ಉದುರಿವೆ, ಬರೀ ಕಡ್ಡಿ ಆಡಿಸುತ್ತಿವೆ. ಅದು ಕಂಟ್ರೋಲ್! ಸತು ಹಾಕಿದ್ದಲ್ಲ. ಸೆಲೆನಿಯಂ ಕೊರತೆ ಅದು. ಒಂದು ಚಿಟಿಕೆಗಿಂತ ಎಷ್ಟೋ ಕಡಿಮೆ ಸೆಲೆನೈಟು, ಜೊತೆಗೆ ಬಿ12 ಹಾಕಿದ ಮೇಲೆ ಅದೇ ಕಂಟ್ರೋಲ್ ತಾಯಿಗೆ ಕನಿಷ್ಠ ಬೇಕಾದ 60 ಮರಿ ದಾಟಿತು. ಇದನ್ನು ಯಾವ ಹೊರಗಿನ ಲ್ಯಾಬೂ ನಿಮಗೆ ಕಲಿಸುವುದಿಲ್ಲ.

ಲೆಕ್ಕದ_ಲಲಿತಾ
ಪುಟ್ಟಸ್ವಾಮಿಯವರೇ, ಎಲ್ಲರಿಗೂ ನಿಮ್ಮ ಹಾಗೆ ಗೋಡೆಗೆ ಗ್ರಾಫ್ ಅಂಟಿಸುವಷ್ಟು ವರ್ಷ ಇರುವುದಿಲ್ಲ.

ನಾನು ಹೊರಗೆ ಕೊಟ್ಟವಳು. ನನ್ನ ಕೀಟನಾಶಕ ಸೈಪರ್‌ಮೆಥ್ರಿನ್. ಲ್ಯಾಬಿನ ಹೆಸರು ಬೇಡ. ಟೆಸ್ಟಿನ ದುಡ್ಡು ಒಂದು ಕಡೆ, ಅನಾಲಿಸಿಸ್ ದುಡ್ಡು ಇನ್ನೊಂದು ಕಡೆ. ಎರಡನೆಯದನ್ನು ಮೊದಲ ಕೊಟೇಶನ್‌ನಲ್ಲಿ ಯಾರೂ ಹೇಳುವುದಿಲ್ಲ. ಈ ವಸ್ತು ಗಾಜಿಗೂ ಅಂಟುತ್ತದೆ, ಪಾಚಿಗೂ ಅಂಟುತ್ತದೆ. ಹಾಕಿದ್ದಷ್ಟೂ ನೀರಿನಲ್ಲಿ ಉಳಿಯುವುದಿಲ್ಲ. ಹಾಗಾಗಿ ಐದು ಕಾನ್ಸಂಟ್ರೇಶನ್, ಒಂದು ಕಂಟ್ರೋಲ್, ಪ್ರತಿಯೊಂದಕ್ಕೂ ಹೊಸ ನೀರಿನ ಸ್ಯಾಂಪಲ್ ಒಂದು, ಬದಲಾಯಿಸುವಾಗ ಹಳೇ ನೀರಿನದು ಒಂದು. ವಾರಕ್ಕೆ 12, ಮೂರು ವಾರಕ್ಕೆ 36. ಸ್ಯಾಂಪಲ್‌ಗೆ 2,500. ಅಂದರೆ 90,000. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 16,200. ಅದು ಬರೀ ನೀರಿನಲ್ಲಿ ಔಷಧಿ ಎಷ್ಟಿದೆ ಎಂದು ಅಳೆಯುವ ಎಲ್‌ಸಿ-ಎಂಎಸ್ ಬಿಲ್ಲು. ಡುಪ್ಲಿಕೇಟ್ ಬೇಕು ಅಂದಿದ್ದರೆ ಎರಡರಷ್ಟು.

ಕೊನೆಗೆ ಬಂದ ರಿಪೋರ್ಟಿನಲ್ಲಿ ಕಂಟ್ರೋಲ್ ಸರಾಸರಿ 60ಕ್ಕಿಂತ ಕೆಳಗೆ! "ಟೆಸ್ಟ್ ವ್ಯಾಲಿಡ್ ಅಲ್ಲ, ಮತ್ತೆ ಮಾಡಬೇಕು" ಎಂದು ಅವರೇ ಬರೆದಿದ್ದಾರೆ. ಬಿಲ್ಲು ಮಾತ್ರ ವ್ಯಾಲಿಡ್. ಕೇಳಿದರೆ "ಮೇಡಂ, ಕೆಲಸ ಆಗಿದೆ ಅಲ್ವಾ" ಅಂದರು. ಎರಡನೇ ಸಲ ಅರ್ಧ ದರಕ್ಕೆ ಒಪ್ಪಿಸಲು ನಮ್ಮ ಗೈಡ್ ಹತ್ತಿರ ಫೋನ್ ಮಾಡಿಸಬೇಕಾಯಿತು. ಆದರೂ ನಾನು ಹೊರಗೆ ಕೊಡುವುದೇ ಸರಿ ಅನ್ನುತ್ತೇನೆ. ಎರಡನೇ ರಿಪೋರ್ಟ್ ಬಂದಾಗ ನಾನು ಎರಡು ಅಧ್ಯಾಯ ಬರೆದು ಮುಗಿಸಿದ್ದೆ.

ಪಾಚಿ_ಪುಟ್ಟಸ್ವಾಮಿ
ಅಂದರೆ ದುಡ್ಡೂ ಹೋಯಿತು, ಕಂಟ್ರೋಲೂ ಹೋಯಿತು. ಇದನ್ನೇ ಅಲ್ವಾ ಮೇಡಂ ನಾನು ಹೇಳಿದ್ದು?

ಮೋಯಿನಾ_ಮಾವ
ಇಬ್ಬರೂ ಬುಡವನ್ನೇ ಬಿಟ್ಟು ಮಾತಾಡ್ತಿದ್ದೀರಿ. ನಮ್ಮ ನೀರಿಗೆ ಮ್ಯಾಗ್ನಾ ಯಾಕ್ರೀ ಬೇಕು?

ನಮ್ಮದು ಕಲಬುರಗಿ ಕಡೆ. ಏಪ್ರಿಲ್‌ನಲ್ಲಿ ಲ್ಯಾಬಿನೊಳಗೇ 38 ಡಿಗ್ರಿ. ಮ್ಯಾಗ್ನಾಗೆ 18ರಿಂದ 22 ಬೇಕು, ಅದರಲ್ಲೂ ಒಂದೇ ಟೆಸ್ಟಿನೊಳಗೆ 2 ಡಿಗ್ರಿಗಿಂತ ಜಾಸ್ತಿ ಹೆಚ್ಚುಕಮ್ಮಿ ಆಗಬಾರದು. ಆ ಪರದೇಶದ ಹುಳಕ್ಕೆ ಎಸಿ ಹಾಕಿ ಕೂರಿಸಿ, ಹುಡುಗರನ್ನು ಹೊರಗೆ ಬೆವರಿಸುವುದು ಯಾವ ವಿಜ್ಞಾನ? ನಾನು ಕೆರೆಯಿಂದ ಬಲೆ ಹಾಕಿ ಡಾಫ್ನಿಯಾದ ನೆಂಟ ಮೋಯಿನಾ ತಂದೆ. ಒಂದೇ ತಾಯಿಯಿಂದ ಸಂತಾನ ಬೆಳೆಸಿ ಕಲ್ಚರ್ ಮಾಡಿದೆ. ಕಲ್ಚರಿಗೆ ಖರ್ಚು ಸೊನ್ನೆ. ಮ್ಯಾಗ್ನಾ ಕಲ್ಚರ್ ತರಿಸಲು ಗೆಳೆಯರೊಬ್ಬರು ಕೊರಿಯರ್‌ಗೇ ಸಾವಿರಾರು ಸುರಿದರು. ಬಾಟಲಿ ಬಂದಾಗ ತಳದಲ್ಲಿ ಬಿಳೀ ಚರಟ ಮಾತ್ರ. ಮೋಯಿನಾ ಬೇಗ ಬೆಳೆಯುತ್ತದೆ, ಬೇಗ ಮರಿ ಹಾಕುತ್ತದೆ, 21 ದಿನ ಕಾಯುವ ಕರ್ಮವೂ ಇಲ್ಲ. ಅಮೆರಿಕದವರೇ ಅದೇ ಬಳಗದ ಸೀರಿಯೋಡಾಫ್ನಿಯಾ ಇಟ್ಟುಕೊಂಡು 25 ಡಿಗ್ರಿಯಲ್ಲಿ ಒಂದು ವಾರದಲ್ಲಿ, ಮೂರು ಸೂಲು ಬಂದರೆ ಮುಗಿಯಿತು ಅನ್ನುತ್ತಾರೆ. ನಮಗೆ ಮಾತ್ರ ಯುರೋಪಿನ ಪಂಚಾಂಗ!

ರೈನ್_ತೀರದ_ಕನ್ನಡಿಗ
ಹುಳ ಅಲ್ಲ ಸರ್. ಕ್ರಸ್ಟೇಶಿಯನ್. ಸೀಗಡಿಯ ನೆಂಟ.

ನಾನು ಜರ್ಮನಿಯಲ್ಲಿ ಇದೇ ಕೆಲಸ ಮಾಡುವ ಸಂಸ್ಥೆಯಲ್ಲಿದ್ದೇನೆ. 211 ನಮಗೆ ದಿನನಿತ್ಯದ ಮಾತು. ಇಲ್ಲಿ ಎಲ್ಲರೂ ಕಂಟ್ರೋಲ್ ಬಗ್ಗೆ ಅಳುತ್ತಿರುವುದು ನೋಡಿ ಆಶ್ಚರ್ಯ ಆಯಿತು. 60 ಮರಿ ಅನ್ನುವುದು ಕನಿಷ್ಠ. ಒಳ್ಳೆಯ ಕಲ್ಚರಿನಲ್ಲಿ 100 ದಾಟುವುದು ದೊಡ್ಡ ವಿಷಯವೇ ಅಲ್ಲ. ಮೊದಲ ಸೂಲಿನ ಮರಿಗಳನ್ನು ಟೆಸ್ಟಿಗೆ ತೆಗೆದುಕೊಳ್ಳಬೇಡಿ, ಎಲ್ಲ ಮರಿಗಳೂ 24 ಗಂಟೆಯೊಳಗಿನವು ಇರಲಿ. ಲಲಿತಾ ಮೇಡಂ, ನಿಮ್ಮ ಲ್ಯಾಬ್ ಫಲಿತಾಂಶವನ್ನು ಹಾಕಿದ ಲೆಕ್ಕದಲ್ಲಿ ಕೊಟ್ಟಿತಾ, ಅಳೆದ ಲೆಕ್ಕದಲ್ಲಾ? ಸೈಪರ್‌ಮೆಥ್ರಿನ್‌ನಂಥದ್ದಕ್ಕೆ ಹೊಸ ನೀರಿನ ಅಳತೆ, ಹಳೇ ನೀರಿನ ಅಳತೆ ಎರಡನ್ನೂ ಇಟ್ಟುಕೊಂಡು ಕಾಲಕ್ಕೆ ತಕ್ಕ ಸರಾಸರಿ ತೆಗೆಯಬೇಕು. ಇನ್ನು ಎನ್‌ಒಇಸಿ (ಪರಿಣಾಮ ಕಾಣದ ಅತಿ ಹೆಚ್ಚಿನ ಕಾನ್ಸಂಟ್ರೇಶನ್) ಹಿಡಿದುಕೊಂಡು ಕೂರಬೇಡಿ. ನೀವು ಬೀಕರಿನಲ್ಲಿ ಹಾಕಿದ ಐದು ಅಂಕಿಗಳಲ್ಲಿ ಒಂದೇ ತಾನೇ ಅದು? ಇಸಿ10 ಕೊಡಿ, ಅಂದರೆ 10 ಪರ್ಸೆಂಟ್ ಪರಿಣಾಮ ತೋರುವ ಕಾನ್ಸಂಟ್ರೇಶನ್.

ಮೋಯಿನಾಗೆ ಓಇಸಿಡಿ ಗೈಡ್‌ಲೈನ್ ಇಲ್ಲ. 2011ರಿಂದ ಭಾರತವೂ ಓಇಸಿಡಿಯ ದತ್ತಾಂಶ ಪರಸ್ಪರ ಒಪ್ಪುವ ವ್ಯವಸ್ಥೆಯಲ್ಲಿದೆ. ಕೆರೆ ನೀರಿನ ಬಾಟಲಿ ಹಿಡಿದು ಬಂದರೆ ಕೀಟನಾಶಕದ ರಿಜಿಸ್ಟ್ರೇಶನ್‌ಗೆ ಯಾರೂ ತೆಗೆದುಕೊಳ್ಳುವುದಿಲ್ಲ.

ಮೋಯಿನಾ_ಮಾವ
ಹುಳ ಅಂದರೆ ನಮ್ಮೂರಲ್ಲಿ ಹರಿದಾಡುವ ಎಲ್ಲವೂ ಹುಳವೇ. ಸೀಗಡಿ ಪಾಠ ಬೇಡ. ಆ ಹುಡುಗಿ ಪಿಎಚ್‌ಡಿ ಮಾಡ್ತಿರೋದು ರೀ, ಕಂಪನಿಯ ರಿಜಿಸ್ಟ್ರೇಶನ್ ಅಲ್ಲ. ನಿಮ್ಮ ಯುರೋಪಿನವರು 2018ರಲ್ಲಿ ಇಮಿಡಾಕ್ಲೋಪ್ರಿಡ್ ಹೊಲಕ್ಕೆ ಹಾಕುವುದನ್ನು ನಿಲ್ಲಿಸಿದ್ದು ಮ್ಯಾಗ್ನಾ ನೋಡಿಯಾ? ಜೇನುನೊಣ ನೋಡಿ. ಎಲ್ಲಿ ಯಾವ ಜೀವಿ ಇದೆಯೋ ಅದನ್ನು ನೋಡಬೇಕು.

ಲೆಕ್ಕದ_ಲಲಿತಾ
ರೈನ್ ಅವರಿಗೆ: ಹಾಕಿದ ಲೆಕ್ಕದಲ್ಲೇ ಕೊಟ್ಟರು. 36 ಸ್ಯಾಂಪಲ್ ಅಳೆದು, ಬಿಲ್ಲು ಹಾಕಿ, ಕೊನೆಗೆ ಹಾಕಿದ ಲೆಕ್ಕದಲ್ಲೇ ಕೊಟ್ಟರು. ರಿವ್ಯೂವರ್ ಒಂದೇ ಸಾಲಿನಲ್ಲಿ ವಾಪಸ್ ಕಳಿಸಿದರು. ನೆನಪಿಸಿದ್ದಕ್ಕೆ ಧನ್ಯವಾದ, ಇವತ್ತು ಊಟ ಸೇರುವುದಿಲ್ಲ.

ಕೆಸರು_ಕೆಂಪಿ
ಯಾರಾದರೂ ಪ್ರಶ್ನೆ ಕೇಳಿದವರ ರಾಸಾಯನಿಕ ಯಾವುದು ಎಂದು ಓದಿದಿರಾ?

ಇಮಿಡಾಕ್ಲೋಪ್ರಿಡ್‌ಗೆ ಮ್ಯಾಗ್ನಾ ಬಗ್ಗುವುದೇ ಇಲ್ಲ. 48 ಗಂಟೆಯ ಇಸಿ50 (ಅರ್ಧದಷ್ಟರ ಚಲನೆ ನಿಲ್ಲಿಸುವ ಕಾನ್ಸಂಟ್ರೇಶನ್) ಲೀಟರಿಗೆ 85 ಮಿಲಿಗ್ರಾಂ ಹತ್ತಿರ. ಅದೇ ಕೈರೊನೊಮಸ್ ಮರಿಗಳು, ಅದೇ ಕೆಸರಿನ ಕೆಂಪು ಹುಳ (ಹೌದು ರೈನ್ ಸರ್, ಇದು ನಿಜವಾಗಿಯೂ ಕೀಟ), ಮೈಕ್ರೋಗ್ರಾಂ ಲೆಕ್ಕದಲ್ಲೇ ಸಾಯುತ್ತವೆ. ಮೇಫ್ಲೈ ಮರಿಗಳೂ ಅಷ್ಟೇ. ಈ ಔಷಧಿ ಕೀಟದ ನರಕ್ಕೆ ಮಾಡಿದ್ದು. ಮ್ಯಾಗ್ನಾ ಮೇಲೆ 21 ದಿನ ಮಾಡಿದರೆ "ಏನೂ ಆಗಿಲ್ಲ" ಅನ್ನುವ ಪೇಪರ್ ಬರುತ್ತದೆ, ಅದನ್ನು ಕಂಪನಿಯವರು ಖುಷಿಯಿಂದ ಹಂಚುತ್ತಾರೆ.

ನಾನು ಮಾಡಿದ್ದು ಓಇಸಿಡಿ 219, ಕೈರೊನೊಮಸ್ ಮರಿಗಳನ್ನು ಕೆಸರಿನಲ್ಲಿ ಬೆಳೆಸುವ ಟೆಸ್ಟ್, 28 ದಿನ. ಮಾಡುವವರಿಗೆ ಗೊತ್ತು ಅದು ಎಷ್ಟು ಹೊಲಸು ಕೆಲಸ ಅಂತ. ಕೃತಕ ಕೆಸರು ಮಾಡಬೇಕು. ಮುಕ್ಕಾಲು ಪಾಲು ಕ್ವಾರ್ಟ್ಜ್ ಮರಳು, 20 ಪರ್ಸೆಂಟ್ ಕೆಯೋಲಿನ್ (ಬಿಳಿ ಜೇಡಿಮಣ್ಣು), ಉಳಿದದ್ದು ಪೀಟ್ (ಜೌಗಿನ ಹಾವಸೆ ಕೊಳೆತದ್ದು). ಮರಳು ಅಗ್ಗ. ಕೆಯೋಲಿನ್ ಮೂಟೆ ಲೆಕ್ಕದಲ್ಲೇ ಕೊಡುತ್ತಾರೆ, ನಮಗೆ ಬೇಕಿದ್ದು ಎರಡು ಕೇಜಿ. ಉಳಿದ ಮೂಟೆ ಇವತ್ತಿಗೂ ಮೆಟ್ಟಿಲ ಕೆಳಗಿದೆ. ಸ್ಫ್ಯಾಗ್ನಮ್ ಪೀಟ್ ನಮ್ಮ ದೇಶದಲ್ಲಿ ಸುಲಭಕ್ಕೆ ಎಲ್ಲಿ ಸಿಗುತ್ತದೆ? ನರ್ಸರಿಯವರಿಗೆ ಆಮದಾಗಿ ಬರುವ ದೊಡ್ಡ ಬೇಲ್ ತಂದೆವು. ಒಣಗಿಸಿ, ಪುಡಿ ಮಾಡಿ, ಪಿಎಚ್ ಸರಿ ಮಾಡಿ, ವಾರಗಟ್ಟಲೆ ನೀರಿನಲ್ಲಿ ನೆನೆಸಿ. ಮರಿಗಳಿಗೆ ಊಟ ಅಕ್ವೇರಿಯಂ ಅಂಗಡಿಯ ಮೀನಿನ ಫ್ಲೇಕ್ಸ್, ಅರೆದು. ಆ ಡಬ್ಬಿಯ ಬೆಲೆ ಕೇಳಿದರೆ ಮೀನೇ ತಿಂದುಬಿಡಬಹುದು.

ಮರಿಗಳು ನೊಣವಾಗಿ ಏಳುವಾಗ ಬೀಕರಿನ ಮೇಲೆ ಸೊಳ್ಳೆಪರದೆ ಬಟ್ಟೆ ಕಟ್ಟಿರಬೇಕು. ದಿನಾ ಬೆಳಿಗ್ಗೆ ಹೋಗಿ ಗಂಡೆಷ್ಟು ಹೆಣ್ಣೆಷ್ಟು ಎಣಿಸಬೇಕು. ಗಂಡಿಗೆ ಮೀಸೆ ಪೊದೆಯಂತೆ ಇರುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಕಂಟ್ರೋಲಿನಲ್ಲಿ 70 ಪರ್ಸೆಂಟ್ ಏಳಬೇಕು. ನಮ್ಮ ಕಂಟ್ರೋಲಿನಲ್ಲಿ ಅದಕ್ಕಿಂತ ಚೆನ್ನಾಗಿಯೇ ಎದ್ದವು. ಬಟ್ಟೆಯ ರಬ್ಬರ್ ಬ್ಯಾಂಡ್ ಸಡಿಲವಾದ ಬೀಕರಿನಿಂದ ಎದ್ದವು ಮಾತ್ರ ಟ್ಯೂಬ್‌ಲೈಟ್ ಮೇಲೆ ಕೂತಿದ್ದವು. ಅವು ಯಾವ ಬೀಕರಿನವು ಎಂದು ಇವತ್ತಿಗೂ ವಾದ ಇದೆ.

ಪಾಚಿ_ಪುಟ್ಟಸ್ವಾಮಿ
ಕೆಂಪಿ ಅವರೇ, ಪೀಟ್‌ಗೆ ಯಾಕೆ ಅಷ್ಟು ಒದ್ದಾಡಿದಿರಿ? ಕೋಕೋಪೀಟ್ ಹಾಕಬಹುದಿತ್ತು. ತಿಪಟೂರಿನಲ್ಲಿ ಮೂಟೆಗಟ್ಟಲೆ ಬಿದ್ದಿರುತ್ತದೆ.

ಕೆಸರು_ಕೆಂಪಿ
ಕೋಕೋಪೀಟ್ ತೆಂಗಿನ ನಾರಿನ ಪುಡಿ. ಉಪ್ಪು ಇರುತ್ತದೆ, ಟ್ಯಾನಿನ್ ಇರುತ್ತದೆ, ನೀರು ಚಹಾ ಬಣ್ಣಕ್ಕೆ ಬರುತ್ತದೆ. ನೀವು ಸೆಲೆನಿಯಂ ಬಗ್ಗೆ ಅಷ್ಟು ಭಾಷಣ ಮಾಡಿ ನನಗೆ ತೆಂಗಿನ ಹೊಟ್ಟು ಹಾಕಿ ಅನ್ನುತ್ತೀರಾ?

ಮೋಯಿನಾ_ಮಾವ
ತೊಳೆದು ಹಾಕಿದರೆ ಏನೂ ಆಗುವುದಿಲ್ಲ. ನಮ್ಮಲ್ಲಿ ಸಿಗುವುದನ್ನು ಬಳಸಿ ಅಂದರೆ ಎಲ್ಲರಿಗೂ ಯಾಕೆ ಮೈ ಉರಿಯುತ್ತದೆ?

ಹೇಮಾವತಿ_ದಂಡೆ
ಎಲ್ಲರಿಗೂ ಧನ್ಯವಾದ. ಕೆಂಪಿ ಮೇಡಂ ಹೇಳಿದ್ದು ಗೈಡ್‌ಗೆ ತೋರಿಸಿದೆ. "ಸಿನಾಪ್ಸಿಸ್‌ನಲ್ಲಿ ಮ್ಯಾಗ್ನಾ ಅಂತ ಬರೆದಾಗಿದೆ, ಅದೇ ಮಾಡು, ಕೈರೊನೊಮಸ್ ಆಮೇಲೆ ಸೇರಿಸೋಣ" ಅಂದರು. ಈಗ ನನ್ನ ಪ್ರಶ್ನೆ ಒಂದೇ. ಕರೆಂಟ್ ಹೋದಾಗ ಏನು ಮಾಡುತ್ತಿದ್ದಿರಿ?

ಪಾಚಿ_ಪುಟ್ಟಸ್ವಾಮಿ
60 ಬೀಕರನ್ನೂ ದೊಡ್ಡ ಟ್ರೇಗಳಲ್ಲಿ ನೀರು ನಿಲ್ಲಿಸಿ ಅದರೊಳಗೆ ಇಡಿ. ಇನ್‌ಕ್ಯುಬೇಟರ್ ನಿಂತರೂ ಬಾಗಿಲು ತೆಗೆಯದಿದ್ದರೆ ಬಹಳ ಹೊತ್ತು 20ರ ಹತ್ತಿರವೇ ಇರುತ್ತದೆ. ಜನ ಹೆದರಿ ಬಾಗಿಲು ತೆಗೆದು ನೋಡುತ್ತಾರೆ, ಅದೇ ಹಾಳು ಮಾಡುವುದು. ದೀಪಕ್ಕೆ ಬೇರೆ ಟೈಮರ್, ಬ್ಯಾಟರಿ ಇರುವಂಥದ್ದು ತಗೊಳ್ಳಿ. ಇಲ್ಲದಿದ್ದರೆ ಕರೆಂಟ್ ಬಂದಾಗ 16 ಗಂಟೆಯ ಹಗಲು ಅರ್ಧರಾತ್ರಿಗೆ ಶುರುವಾಗುತ್ತದೆ.

ಇನ್ನೊಂದು. ತಾಯಿಯನ್ನು ಹೊಸ ನೀರಿಗೆ ಬಿಡುವಾಗ ಅಗಲ ಬಾಯಿಯ ಗಾಜಿನ ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿ ಬಿಡಿ. ಮೇಲಿಂದ ಬಿಟ್ಟರೆ ಚಿಪ್ಪಿನೊಳಗೆ ಗಾಳಿ ಸೇರಿ ತೇಲುತ್ತದೆ. ಆಮೇಲೆ ಮುಳುಗುವುದಿಲ್ಲ, ಅಲ್ಲೇ ಸಾಯುತ್ತದೆ. ಅದನ್ನು ಔಷಧಿ ಲೆಕ್ಕಕ್ಕೆ ಬರೆಯುವವರನ್ನು ಕಂಡಿದ್ದೇನೆ.

ರೈನ್_ತೀರದ_ಕನ್ನಡಿಗ
ಕಲ್ಚರ್ ಜಾರ್‌ಗಳಲ್ಲಿ ಜಾಸ್ತಿ ತುಂಬಬೇಡಿ. ಇಕ್ಕಟ್ಟಾದರೆ, ಊಟ ಕಡಿಮೆಯಾದರೆ ಗಂಡು ಹುಟ್ಟುತ್ತವೆ, ಕಪ್ಪು ತಡಿಯಂಥ ಚಳಿಗಾಲದ ಮೊಟ್ಟೆ ಬರುತ್ತದೆ. ಅಂಥ ಕಲ್ಚರಿನ ಮರಿ ಟೆಸ್ಟಿಗೆ ಬೇಡ.

ಲೆಕ್ಕದ_ಲಲಿತಾ
ಗಂಡಿನ ವಿಷಯ ಬಂತಲ್ಲ. ನಮ್ಮ ಲ್ಯಾಬಿನವರು ಮರಿಗಳಲ್ಲಿ ಗಂಡೆಷ್ಟು ಎಂದು ನೋಡಿಕೊಡಲು ಬೇರೆ ಚಾರ್ಜ್ ಕೇಳಿದರು. ಗೈಡ್‌ಲೈನ್‌ನಲ್ಲಿ ಇರುವುದಕ್ಕೆ ಯಾಕೆ ಬೇರೆ ದುಡ್ಡು ಅಂದರೆ, "ಅದು ಆಪ್ಷನಲ್ ಮೇಡಂ" ಅಂತ.

ರೈನ್_ತೀರದ_ಕನ್ನಡಿಗ
ಆಪ್ಷನಲ್ಲೇ. ಪೈರಿಪ್ರಾಕ್ಸಿಫೆನ್, ಫೆನಾಕ್ಸಿಕಾರ್ಬ್ ಥರ ಕೀಟದ ಬೆಳವಣಿಗೆಯ ಹಾರ್ಮೋನ್ ಅನುಕರಿಸುವ ಔಷಧಿಗಳಿಗೆ ಮಾತ್ರ ಅದು ಮುಖ್ಯ. ಅವು ಹಾಕಿದರೆ ಡಾಫ್ನಿಯಾ ಸಾಲುಸಾಲು ಗಂಡು ಹಡೆಯುತ್ತದೆ. ಸೈಪರ್‌ಮೆಥ್ರಿನ್‌ಗೆ ಬೇಕಿರಲಿಲ್ಲ. ನಿಮ್ಮ ಲ್ಯಾಬ್ ಸರಿಯಾಗಿಯೇ ಹೇಳಿದೆ.

ಲೆಕ್ಕದ_ಲಲಿತಾ
ಬೇಕಿರಲಿಲ್ಲ ಅಂದರೆ ಬಿಲ್ಲಿನಲ್ಲಿ ಯಾಕೆ ಬಂತು ಸರ್? ನಾನು ಬೇಡ ಎಂದು ಮೇಲ್ ಹಾಕಿದ್ದೆ. ಬಿಲ್ಲು ಹುಡುಕಿ ಹಾಕುತ್ತೇನೆ, ಹೆಸರು ಅಳಿಸಿ. ನೀವೇ ನೋಡಿ ಹೇಳಿ.

ಮೋಯಿನಾ_ಮಾವ
ಹಾಕ್ರಿ ಮೇಡಂ. ಹಾಂ, ಪುಟ್ಟಸ್ವಾಮಿ, ಆ ಕೋಕೋಪೀಟ್ ತಿಪಟೂರಿನಲ್ಲಿ ಎಲ್ಲಿ ಸಿಗುತ್ತದೆ ಹೇಳಿ. ನಮ್ಮ ಹುಡುಗರಿಗೆ ಎರಡು ಮೂಟೆ ಬೇಕು. ತೊಳೆದು ತೋರಿಸ್ತೀವಿ ಕೆಂಪಿಯವರಿಗೆ.

ಕೆಸರು_ಕೆಂಪಿ
ತೊಳೆದ ನೀರಿನ ಕಂಡಕ್ಟಿವಿಟಿ ಅಳೆದು ಇಲ್ಲೇ ಹಾಕಿ. ಕಂಟ್ರೋಲಿನಲ್ಲಿ ಎಷ್ಟು ಎದ್ದವು ಅನ್ನುವುದನ್ನೂ ಹಾಕಿ. ಕೆಯೋಲಿನ್ ಬೇಕಿದ್ದರೆ ನಮ್ಮ ಮೆಟ್ಟಿಲ ಕೆಳಗಿನ ಮೂಟೆ ತಗೊಂಡು ಹೋಗಿ, ದುಡ್ಡು ಬೇಡ.