ಅಪ್‌ಡೇಟ್: ಟೋಯಿಂಗ್ ಗಾಡಿಗೆ ಕೊನೆಗೆ ಆರಿಸಿದ ಆಲ್ಟರ್ನೇಟರ್

ನಮ್ಮ 12 ವೋಲ್ಟ್ ಟೋಯಿಂಗ್ ಗಾಡಿಯಲ್ಲಿ ವಿಂಚ್ (ಕೆಟ್ಟ ವಾಹನವನ್ನು ಹಗ್ಗ ಸುತ್ತಿ ಎಳೆಯುವ ಮೋಟಾರ್ ಯಂತ್ರ) ಎಳೆಯುವಾಗ ಹೆಡ್‌ಲೈಟ್ ಮಂಕಾಗುತ್ತದೆ, ಹೆಚ್ಚು ಆಂಪಿಯರ್‌ನ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ತುಂಬುವ ಯಂತ್ರ) ಹಾಕಿಸಬೇಕೇ ಎಂದು ಹಿಂದೆ ಕೇಳಿದ್ದೆ. ಸಲಹೆ ನೀಡಿದವರಿಗೆಲ್ಲ ಧನ್ಯವಾದಗಳು.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮೊದಲು ಹೇಳುವುದು ಗರಿಷ್ಠ ಆಂಪಿಯರ್ ಅನ್ನೇ. ಆದರೆ ಆ ಅಂಕಿ ಸಾಮಾನ್ಯವಾಗಿ ಆಲ್ಟರ್ನೇಟರ್ ನಿಮಿಷಕ್ಕೆ ಸುಮಾರು 6000 ಸುತ್ತು ತಿರುಗುವಾಗಿನದು. ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಐಡ್ಲಿಂಗ್‌ನಲ್ಲೇ (ಎಂಜಿನ್ ನಿಧಾನವಾಗಿ ಓಡುತ್ತಾ) ನಿಂತಿರುವ ಗಾಡಿಗೆ ಅದು ಎಟುಕುವ ಮಾತಲ್ಲ. ಆದ್ದರಿಂದ 150 ಆಂಪಿಯರ್‌ನದನ್ನು ಬಿಟ್ಟು, ಕಡಿಮೆ ವೇಗದಲ್ಲಿ ಅದಕ್ಕಿಂತ ಹೆಚ್ಚು ಕರೆಂಟ್ ಕೊಡುವ 120 ಆಂಪಿಯರ್‌ನದನ್ನು ಆರಿಸಿದೆ. ವಿಂಚ್ ಪೂರ್ಣ ಭಾರದಲ್ಲಿ 300 ಆಂಪಿಯರ್‌ಗೂ ಮೀರಿ ಎಳೆಯಬಲ್ಲದಾದ್ದರಿಂದ ಆ ಹೊತ್ತಿನ ಹೊರೆಯನ್ನು ಹೊರುವುದು ಹೇಗಿದ್ದರೂ ಬ್ಯಾಟರಿಯೇ. ಖಾಲಿಯಾದದ್ದನ್ನು ಬೇಗ ತುಂಬುವುದಷ್ಟೇ ಆಲ್ಟರ್ನೇಟರ್‌ನ ಕೆಲಸ.

ಎಲೆಕ್ಟ್ರಿಷಿಯನ್ ಹಳೆಯ ಅರ್ಥಿಂಗ್ ಪಟ್ಟಿಯನ್ನು (ಬ್ಯಾಟರಿಯ ನೆಗೆಟಿವ್ ತುದಿಯನ್ನು ಗಾಡಿಯ ಲೋಹದ ಚೌಕಟ್ಟಿಗೆ ಸೇರಿಸುವ ತಂತಿ) ಬಿಚ್ಚಿದಾಗ ಬೋಲ್ಟಿನ ಕೆಳಗೆ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಉಜ್ಜಿ, ಪಟ್ಟಿಯನ್ನೂ ಚಾರ್ಜಿಂಗ್ ಕೇಬಲನ್ನೂ ದಪ್ಪನೆಯದಕ್ಕೆ ಬದಲಿಸಿದರು. (ಈ ಕೆಲಸವನ್ನೇ ಮೊದಲು ಮಾಡಿಸಿ ಎಂದು ಬರೆದವರ ಮಾತು ನೂರಕ್ಕೆ ನೂರು ಸರಿ.) ಈಗ ಐಡ್ಲಿಂಗ್‌ನಲ್ಲಿ ಲೈಟುಗಳೆಲ್ಲ ಉರಿಯುತ್ತಿದ್ದರೂ ಬ್ಯಾಟರಿ ಟರ್ಮಿನಲ್‌ನಲ್ಲಿ 13.8 ವೋಲ್ಟ್ ಇರುತ್ತದೆ. ವಿಂಚ್ ಎಳೆಯುವಾಗ ಬೆಳಕು ತುಸು ಕುಗ್ಗಿದರೂ ಕೂಡಲೇ ಚೇತರಿಸಿಕೊಳ್ಳುತ್ತದೆ. ಆಲ್ಟರ್ನೇಟರನ್ನು ತಿರುಗಿಸುವ ಹೊಸ ಬೆಲ್ಟ್ ಹೆಚ್ಚಿದ ಹೊರೆಗೆ ಜಾರದಂತೆ ಅದರ ಬಿಗಿಯನ್ನು ಮುಂದಿನ ಸರ್ವಿಸ್‌ನಲ್ಲಿ ಮತ್ತೆ ನೋಡಿಸಬೇಕಿದೆ.