‘ಪ್ರೈಮರ್ ಬೆರೆಸಬೇಡಿ’ ಅಂದರೆ ಏನು ಮಾಡಬಾರದು?

ಗೆಳೆಯರೇ, ಮೂರು ದಿನದಿಂದ ಒಂದು ಕ್ರಿಯಾಪದ ನನ್ನ ತಲೆ ತಿನ್ನುತ್ತಿದೆ. ಪಿಸ್ತೂಲು, ರಿವಾಲ್ವರ್‌ಗಳ ಖಾಲಿ ತೋಟಾಗಳನ್ನು ಮತ್ತೆ ತುಂಬಿ ಬಳಸುವ ಹವ್ಯಾಸಿ ಗುರಿಕಾರರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲೊಂದು ಎಚ್ಚರಿಕೆಯ ಸಾಲು ಬರುತ್ತದೆ. ನಾನು ಮೊದಲು ಬರೆದದ್ದು ಹೀಗೆ: ‘ಬೇರೆ ಬೇರೆ ಕಂಪನಿಯ ಪ್ರೈಮರ್ ಬೆರೆಸಬೇಡಿ.’

ಕರಡು ಓದಿದ ಗೆಳತಿ ಕೇಳಿದಳು, ‘ಇದು ಗೋಡೆಗೆ ಹೊಡೆಯೋದು ಅಲ್ವಾ? ಪಿಸ್ತೂಲಿಗೂ ಹೊಡೀತಾರಾ?’

ತಪ್ಪು ಅವಳದಲ್ಲ. ಕನ್ನಡದಲ್ಲಿ ಪ್ರೈಮರ್ ಅಂದ ಕೂಡಲೇ ಕಣ್ಣಮುಂದೆ ಬರುವುದು ಬಣ್ಣದ ಡಬ್ಬ. ಬೆರೆಸುವ ಕೆಲಸವೂ ಡಬ್ಬದಲ್ಲೇ ನಡೆಯುತ್ತದೆ. ಸಾಲದ್ದಕ್ಕೆ ಮುಂದಿನ ಪುಟದಲ್ಲಿ ‘ಪಿನ್ನು ಪ್ರೈಮರ್ ಹೊಡೆದಾಗ’ ಅಂತ ಬೇರೆ ಬರೆದಿದ್ದೆ. ಬಣ್ಣದವರೂ ಪ್ರೈಮರ್ ‘ಹೊಡೆಯುತ್ತಾರೆ’! ಈಗ ಅದನ್ನು ‘ಪಿನ್ನು ಪ್ರೈಮರಿಗೆ ಬಡಿದಾಗ’ ಎಂದು ತಿದ್ದಿದ್ದೇನೆ.

ವಸ್ತು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ತೋಟಾದ ತಳದ ನಡುವೆ ಕೂರುವ ಪುಟ್ಟ ಲೋಹದ ಬಟ್ಟಲು ಇದು. ಪಿಸ್ತೂಲಿನದು ಎರಡು ಅಳತೆಯಲ್ಲಿ ಬರುತ್ತದೆ: ಚಿಕ್ಕದರ ಅಗಲ 4.45 ಮಿ.ಮೀ., ದೊಡ್ಡದರದು 5.33 ಮಿ.ಮೀ. ಒಳಗೆ ಏಟಿಗೆ ಹೊತ್ತಿಕೊಳ್ಳುವ ಮದ್ದು ಚೂರೇ ಚೂರು ಇರುತ್ತದೆ. ಅದರ ಮೇಲೆ ಕಾಲುಗಳಿರುವ ಸಣ್ಣ ಲೋಹದ ತುಂಡು. ಪಿಸ್ತೂಲಿನ ಪಿನ್ನು ಬಡಿದಾಗ ಬಟ್ಟಲು ತಗ್ಗಿ, ಮದ್ದು ಆ ತುಂಡಿಗೆ ಸಿಕ್ಕಿ ಅರೆದು, ಕಿಡಿ ತೂತಿನ ಮೂಲಕ ಒಳಗಿನ ಮದ್ದಿಗೆ ದಾಟುತ್ತದೆ. ಆ ತುಂಡಿಗೆ ‘ಅಡೆಗಲ್ಲು’ ಎಂದು ಬರೆದೆ, ಕಮ್ಮಾರರ ಅಡೆಗಲ್ಲೇ. ಈ ಪದ ಮಾತ್ರ ಕೂತ ಜಾಗದಲ್ಲೇ ಕೂತಿತು.

ಇನ್ನು ‘ಬೆರೆಸು’. ಕೈಪಿಡಿಯ ಆ ಅಧ್ಯಾಯ ಪೂರ್ತಿ ಓದಿದ ಮೇಲೆ ಗೊತ್ತಾಯಿತು, ಇಂಗ್ಲಿಷಿನ ಒಂದೇ ಮಾತು ನಾಲ್ಕು ಬೇರೆ ಬೇರೆ ಕೆಲಸಗಳನ್ನು ಹೇಳುತ್ತಿದೆ. ಕನ್ನಡದಲ್ಲಿ ಅವಕ್ಕೆ ಒಂದೇ ಪದ ಹಾಕಿದರೆ ಓದುಗ ಕೆಡುತ್ತಾನೆ.

ಒಂದೇ ಸಲಕ್ಕೆ ನೂರು ತೋಟಾ ತಯಾರಿಸುವಾಗ ಐವತ್ತಕ್ಕೆ ಫೆಡರಲ್ ಕಂಪನಿಯ ಪ್ರೈಮರ್, ಐವತ್ತಕ್ಕೆ ಸಿಸಿಐ ಕಂಪನಿಯದು ಹಾಕಿದರು ಅನ್ನಿ. ಇಲ್ಲಿ ಏನೂ ಕರಗುವುದಿಲ್ಲ, ಕಲೆಯುವುದೂ ಇಲ್ಲ. ಒಂದೊಂದು ತೋಟಾದಲ್ಲಿ ಒಂದೊಂದೇ ಪ್ರೈಮರ್. ಆದರೆ ಇಡೀ ಡಬ್ಬಿ ಬೆರಕೆ. ಫೆಡರಲ್‌ನದು ಸಣ್ಣ ಏಟಿಗೂ ಹೊತ್ತಿಕೊಳ್ಳುತ್ತದೆ ಎಂದು ಹೆಸರು. ಸಿಸಿಐ ಬಟ್ಟಲು ಅದಕ್ಕಿಂತ ಗಡಸು ಅನ್ನುತ್ತಾರೆ. ಸ್ಪ್ರಿಂಗ್ ಸಡಿಲಿಸಿದ ರಿವಾಲ್ವರಿನಲ್ಲಿ ಮೊದಲಿನದು ಹಾರಿ, ಎರಡನೆಯದು ಠುಸ್ ಆಗಬಹುದು. ಗುಂಡಿನ ವೇಗವೂ ಒಂದೇ ಸಮ ಇರುವುದಿಲ್ಲ, ಗುರಿ ತಪ್ಪಿದರೆ ಕಾರಣ ಕೈಯೋ ಪ್ರೈಮರೋ ಗೊತ್ತಾಗುವುದಿಲ್ಲ. ಇದಕ್ಕೆ ‘ಬೆರಕೆ ಮಾಡಬೇಡಿ’ ಎಂದು ಬರೆದಿದ್ದೇನೆ. ಅನುಮಾನ ಏನೆಂದರೆ, ಬೆರಕೆ ಎಂದ ಕೂಡಲೇ ಕಲಬೆರಕೆ ನೆನಪಾಗಿ, ಒಂದು ಕಂಪನಿಯ ಮಾಲು ಖೋಟಾ ಅನ್ನುವ ಹಾಗೆ ಕೇಳುತ್ತದಾ? ಎರಡೂ ಒಳ್ಳೆಯ ಮಾಲೇ, ಜೊತೆಗಿರಬಾರದು ಅಷ್ಟೇ. (ಮಾತಿನಲ್ಲಿ ‘ಭಾರಿ ಬೆರಕಿ ಮನುಷ್ಯ’ ಅಂತಲೂ ಇದೆ. ಈ ಪದಕ್ಕೆ ಒಳ್ಳೆಯ ಹೆಸರು ಬರಲೇ ಇಲ್ಲ, ಪಾಪ.)

ಎರಡನೆಯದು ತದ್ವಿರುದ್ಧ. ಯಾವ ತೋಟಾಕ್ಕೆ ಯಾವ ಪ್ರೈಮರ್, ಎಷ್ಟು ಮದ್ದು ಎನ್ನುವ ಕೋಷ್ಟಕದಲ್ಲಿ ಸಿಸಿಐ 500 ಎಂಬ ಪ್ರೈಮರ್ ಅಂತಿದೆ, ಕೈಯಲ್ಲಿರುವುದು ವಿಂಚೆಸ್ಟರ್ ಕಂಪನಿಯದು. ಇದನ್ನು ಕೈಪಿಡಿ ಬೇಡ ಎನ್ನುವುದೇ ಇಲ್ಲ. ಬದಲಾಯಿಸಿ, ಆದರೆ ತೋಟಾದೊಳಗಿನ ಮದ್ದನ್ನು ಸುಮಾರು ನೂರಕ್ಕೆ ಹತ್ತರಷ್ಟು ಇಳಿಸಿ ಮತ್ತೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಬನ್ನಿ ಎನ್ನುತ್ತದೆ. ಪ್ರೈಮರ್ ಬದಲಾದರೆ ಒತ್ತಡವೂ ಬದಲಾಗುತ್ತದೆ. ಅದರಲ್ಲೂ ಸಾದಾ ಪ್ರೈಮರ್ ಇರಬೇಕಾದ ಕಡೆ ಮ್ಯಾಗ್ನಂ ಎಂಬ ಜೋರಿನ ಬಗೆ ಬಂದರೆ ಹೊತ್ತುವ ಜೋರೇ ಬೇರೆ. ಇಲ್ಲಿ ‘ಬೆರೆಸಬೇಡಿ’ ಅಂದರೆ ಅನುವಾದವೇ ಸುಳ್ಳು. ‘ಬದಲಿಗೆ ಹಾಕುವಾಗ’ ಎಂದಿದ್ದೇನೆ.

ಮೂರನೆಯದು ನಿಜಕ್ಕೂ ಅಪಾಯದ್ದು. ಉಳಿದ ಚಿಲ್ಲರೆ ಪ್ರೈಮರ್‌ಗಳನ್ನೆಲ್ಲ ಒಂದು ಶೀಶೆಗೆ ಸುರಿದಿಡುವುದು. ಒಂದು ಸಿಡಿದರೆ ಪಕ್ಕದವೂ ಸಿಡಿಯುತ್ತವೆ, ಶೀಶೆಯೇ ಬಾಂಬು. ಕಾರ್ಖಾನೆಯವರು ಒಂದೊಂದಕ್ಕೂ ಗೂಡು ಕೊಟ್ಟು ತಟ್ಟೆಯಲ್ಲಿ ಜೋಡಿಸಿ ಕಳಿಸುವುದು ಸುಮ್ನೆ ಅಲ್ಲ. ಇದಕ್ಕೆ ‘ಒಟ್ಟಿಗೆ ಸುರಿಯಬೇಡಿ’ ಅನ್ನುವುದಕ್ಕಿಂತ ನೇರ ಮಾತು ನನಗೆ ಹೊಳೆಯಲಿಲ್ಲ.

ನಾಲ್ಕನೆಯದು ಬೇಕಂತ ಮಾಡುವುದಲ್ಲ, ಆಗಿಹೋಗುವುದು. ಪಿಸ್ತೂಲಿನ ಚಿಕ್ಕ ಪ್ರೈಮರ್, ರೈಫಲ್ಲಿನ ಚಿಕ್ಕ ಪ್ರೈಮರ್ ಎರಡರ ಅಗಲವೂ ಒಂದೇ. ರೈಫಲ್ಲಿನ ಬಟ್ಟಲು ಸಾಮಾನ್ಯವಾಗಿ ದಪ್ಪ, ಆದರೆ ಡಬ್ಬಿಯಿಂದ ಹೊರಬಂದ ಮೇಲೆ ಕಣ್ಣಿಗೆ ಗೊತ್ತಾಗುವುದಿಲ್ಲ. .45 ಎಸಿಪಿ ಎಂಬ ಪಿಸ್ತೂಲಿನ ತೋಟಾಕ್ಕೆ ಮೊದಲಿಂದಲೂ ದೊಡ್ಡ ಪ್ರೈಮರ್. ಈಗ ಚಿಕ್ಕದು ಹಿಡಿಸುವಂಥವೂ ಬರುತ್ತಿವೆ. ಎರಡೂ ಬಗೆಯ ಖಾಲಿ ತೋಟಾ ಒಂದೇ ರಾಶಿಯಲ್ಲಿ ಬಿದ್ದರೆ ಪ್ರೈಮರ್ ಕೂರಿಸುವ ಯಂತ್ರದ ಹಿಡಿ ಅರ್ಧಕ್ಕೆ ನಿಂತಾಗಲೇ ತಿಳಿಯುವುದು. ಇದಕ್ಕೆ ‘ಕಲಸುಮೇಲೋಗರ’ ಎಂದು ಬರೆದೆ. ಕೈಪಿಡಿಗೆ ಜಾಸ್ತಿ ಆಯಿತೇನೋ. ತೆಗೆಯಲು ಮನಸ್ಸಿಲ್ಲ.

ಪ್ರೈಮರ್ ಅನ್ನುವ ಬಣ್ಣದ ಡಬ್ಬವನ್ನೇ ಬಿಟ್ಟು ‘ಕೇಪು’ ಎನ್ನಬಹುದಾ? ಏಟಿಗೆ ಸಿಡಿಯುವ ಕೇಪಿನ ಹಳೆಯ ಕೋವಿ ಕಂಡವರಿಗೆ ಈ ಪದ ತಟ್ಟನೆ ಹತ್ತುತ್ತದೆ. ತೊಡಕೂ ಇದೆ. ಆ ಕೋವಿಯಲ್ಲಿ ಕೇಪು ತೋಟಾದ ಭಾಗವಲ್ಲ, ಹೊರಗಿನ ಮೊಳೆಗೆ ಬೇರೆಯಾಗಿ ಸಿಕ್ಕಿಸುವುದು. 1857ರ ಕೊಬ್ಬು ಸವರಿದ ತೋಟಾ ಎಲ್ಲರಿಗೂ ಗೊತ್ತು. ಅದು ಕಾಗದದ್ದು, ಮದ್ದು ಗುಂಡು ಮಾತ್ರ ಅದರೊಳಗೆ. ಕೇಪು ಸಿಪಾಯಿಯ ಬಳಿ ಬೇರೆಯೇ ಇರುತ್ತಿತ್ತು. ತೋಟಾದ ತಳಕ್ಕೇ ಅದನ್ನು ಕೂರಿಸಿದ ಬಾಕ್ಸರ್, ಬರ್ಡಾನ್ ಎಂಬ ಎರಡು ವಿಧಾನಗಳ ಪೇಟೆಂಟುಗಳು 1866ರವು. ಬಾಕ್ಸರ್ ಇಂಗ್ಲೆಂಡಿನವ, ಆದರೆ ಅವನದು ಅಮೆರಿಕದಲ್ಲಿ ನೆಲೆಯಾಯಿತು. ಬರ್ಡಾನ್ ಅಮೆರಿಕದವ, ಅವನದು ಯುರೋಪಿನಲ್ಲಿ. ಅಡೆಗಲ್ಲು ಪ್ರೈಮರಿನಲ್ಲೇ ಇದ್ದರೆ ಬಾಕ್ಸರ್, ತೋಟಾದಲ್ಲಿದ್ದರೆ ಬರ್ಡಾನ್. ಮತ್ತೆ ತುಂಬುವವರಿಗೆ ಬಾಕ್ಸರೇ ಸುಲಭ, ನಡುವಿನ ಒಂದೇ ತೂತಿನಿಂದ ಹಳೆಯದನ್ನು ತಳ್ಳಿ ಬೀಳಿಸಬಹುದು. ಹೀಗಿರುವಾಗ ಕೇಪು ಎಂದರೆ ಹಳೆಯ ಅರ್ಥ ಅಡ್ಡ ಬರುತ್ತದಾ, ಇಲ್ಲ ಅರ್ಥವೇ ಹಿಗ್ಗಿ ಎರಡನ್ನೂ ಹಿಡಿದುಕೊಳ್ಳುತ್ತದಾ? ಹಿಗ್ಗುತ್ತದೆ ಅಂತ ನನ್ನ ವಾಲಿಕೆ.

ಖಾಲಿ ತೋಟಾ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿರುವ ‘ರೀಲೋಡ್’ ಕೂಡ ಕೈಕೊಟ್ಟಿತು. ಆಟ ಆಡುವ ಹುಡುಗರಿಗೆ ಅದು ಪಿಸ್ತೂಲಿಗೆ ಹೊಸ ಮ್ಯಾಗಜಿನ್ ಸಿಕ್ಕಿಸುವುದು. ‘ತೋಟಾ ತುಂಬುವುದು’ ಅಂದರೂ ಅದೇ ಗೊಂದಲ. ಸದ್ಯಕ್ಕೆ ‘ತೋಟಾ ಕಟ್ಟುವುದು’ ಎಂದು ಇಟ್ಟುಕೊಂಡಿದ್ದೇನೆ. ಕೋವಿ ಬಲ್ಲವರು ಹಾಗೆ ಅನ್ನುವುದನ್ನು ನೀವು ಕೇಳಿದ್ದೀರಾ? ‘ಬೆರಕೆ’ ನಿಮ್ಮ ಕಿವಿಗೆ ಹೇಗೆ ಬೀಳುತ್ತದೆ ಅನ್ನುವುದನ್ನೂ ಬರೆಯಿರಿ. ಇನ್ನೊಂದು ಕಷ್ಟಕ್ಕೆ ನಿಮ್ಮಲ್ಲೂ ಮದ್ದಿಲ್ಲ: ಕರಡು ತಿದ್ದಿದವರು ‘ತೋಟಾದ ತಳ’ ಎಂದಿದ್ದ ಕಡೆಯೆಲ್ಲ ದೀರ್ಘ ಕಿತ್ತು ‘ತೋಟದ ತಳ’ ಮಾಡಿದ್ದಾರೆ. ಹನ್ನೊಂದು ಕಡೆ. ಈಗ ಒಂದೊಂದಾಗಿ ದೀರ್ಘ ಹಾಕುತ್ತಾ ಕೂತಿದ್ದೇನೆ.